ಒಂದೇ ತೊಲೆಯ ಮನೆ

ಅಪ್ಪಯ್ಯಣ್ಣನ ಹತ್ತಿರ ಯಾವುದಕ್ಕೆ ಕೊರತೆಯಿದ್ದರೂ ಬುದ್ಧಿವಾದಕ್ಕೆ ಮಾತ್ರ ಇರಲಿಲ್ಲ. ನೆಲಮಂಗಲದಲ್ಲಿ ತುಮಕೂರು ರಸ್ತೆಗೆ ಮುಖ ಮಾಡಿದ ಒಂದು ವಠಾರ ಅವನದು. ಬಾಡಿಗೆಯವರನ್ನು ಕೂರಿಸಿ, ಎಬ್ಬಿಸಿ, ಮತ್ತೊಬ್ಬರನ್ನು ಕೂರಿಸಿ ಪಳಗಿದ ಆಸಾಮಿ. ಊರಲ್ಲಿ ಯಾರಾದರೂ ಒಂದು ಕೋಣೆ ಬಾಡಿಗೆಗೆ ಕೊಡೋಣ ಅಂತ ಬಾಯಿ ಬಿಟ್ಟರೆ ಸಾಕು, ಎಲೆಅಡಿಕೆ ಚೀಲದ ಸಮೇತ ಅವರ ಜಗಲಿಯ ಮೇಲೆ ಹಾಜರಾಗುತ್ತಿದ್ದ. ಯುದ್ಧ ಬಂದು, ಬೆಂಗಳೂರಿನ ಮೇಲೆ ಜಪಾನಿನವರು ಬಾಂಬು ಹಾಕ್ತಾರಂತೆ ಅನ್ನುವ ಗುಲ್ಲೆದ್ದು, ಪೇಟೆಯ ಜನ ಗಂಟುಮೂಟೆ ಕಟ್ಟಿಕೊಂಡು ಇತ್ತ ಬಂದ ವರ್ಷವಂತೂ ಅವನ ಬಾಯಿಗೆ ಬಿಡುವೇ ಇರಲಿಲ್ಲ.

ಆ ವರ್ಷವೇ ಪಿಳ್ಳಮ್ಮನಿಗೂ ತನ್ನ ಮನೆಯ ಅರ್ಧ ಭಾಗ ಬಾಡಿಗೆಗೆ ಕೊಡುವ ಯೋಚನೆ ಬಂದದ್ದು. ಪಿಳ್ಳಮ್ಮ ಅಪ್ಪಯ್ಯಣ್ಣನ ಚಿಕ್ಕಪ್ಪನ ಮಗನ ಹೆಂಡತಿ. ಗಂಡ ತೀರಿಕೊಂಡಿದ್ದ. ಹೊಲವನ್ನು ಬೆಳೆಯ ಪಾಲಿಗೆ, ವಾರಕ್ಕೆ ಕೊಟ್ಟಿದ್ದಳು. ಒಬ್ಬಳೇ ಮಗಳು ವರಲಕ್ಷ್ಮಮ್ಮ ಹೊಸಕೋಟೆಯ ಕಡೆ ಮದುವೆಯಾಗಿ ಹೋಗಿದ್ದಳು. ನಾಡಹೆಂಚು ಹೊದಿಸಿದ ಆ ಉದ್ದನೆಯ ಮನೆಯಲ್ಲಿ ಮಾತಾಡೋಕೆ ಒಂದು ನರಪಿಳ್ಳೆ ಇರಲಿಲ್ಲ. ಬಾಡಿಗೆಗಿಂತ ಹೆಚ್ಚಾಗಿ ಪಕ್ಕದಲ್ಲಿ ಯಾರಾದರೂ ಕೆಮ್ಮೋ ಸದ್ದಾದರೂ ಕೇಳಲಿ ಅನ್ನೋದು ಅವಳ ಆಸೆ.

"ನೋಡು ಪಿಳ್ಳಮ್ಮ," ಅಂತ ಶುರು ಹಚ್ಚಿಕೊಂಡ ಅಪ್ಪಯ್ಯಣ್ಣ. "ಮನೆ ಕೇಳ್ಕೊಂಡು ಬರೋರ ಮುಖ ನೋಡ್ಬೇಡ, ಅವರ ಸಾಮಾನು ನೋಡು. ಒರಳು ಹೊತ್ಕೊಂಡು ಬರೋರಿಗೆ ಕೊಡು. ಒರಳು ತಂದೋರು ಬೇಗ ಕದಲಲ್ಲ. ಬಾವಿಗೆ ಅವರ ಹಗ್ಗ ಅವರೇ ತರಲಿ. ಮಜ್ಜಿಗೆ ಕೊಡೋ ಅಭ್ಯಾಸ ಮಾತ್ರ ಇಟ್ಕೋಬೇಡ. ಇವತ್ತು ಮಜ್ಜಿಗೆ ಅಂತ ಬರ್ತಾರೆ, ನಾಳೆ ಉಪ್ಪಿನಕಾಯಿ ಅಂತಾರೆ, ಆಮೇಲೆ ಬಾಡಿಗೆ ಕೇಳೋಕೆ ನಿಂಗೇ ಮುಖ ಇರಲ್ಲ. ಇನ್ನೊಂದು, ಮುದುಕರು ಗಿದುಕರು ಇರೋ ಸಂಸಾರಕ್ಕೆ ಕೊಡ್ಲೇಬೇಡ."

"ಯಾಕೆ ಭಾವ? ಮುದುಕರು ಏನು ಗೋಡೆ ತಿಂತಾರಾ?"

"ಕೊಡ್ಬೇಡ ಅಂದ್ರೆ ಕೊಡ್ಬೇಡ ಅಷ್ಟೆ. ಮತ್ತೆ ಆ ಅಡ್ಡಗೋಡೆ ಇದೆಯಲ್ಲ, ಅದನ್ನ ಸೂರಿನವರೆಗೂ ಎತ್ತಿಸು. ನೆತ್ತಿ ಮೇಲಿನ ತೊಲೇನೂ ಎರಡು ಮಾಡಿಸ್ಬಿಡು. ಆಚೆದು ಆಚೆಗೆ, ಈಚೆದು ಈಚೆಗೆ. ಕಂಡವರ ಹೊಗೆ ನಿನ್ನ ಮೂಗಿಗೆ ಯಾಕೆ ಬರಬೇಕು?"

ಹೂಂ ಹೂಂ ಅಂತ ತಲೆಯಾಡಿಸಿದಳು ಪಿಳ್ಳಮ್ಮ. ಆಮೇಲೆ ತನಗೆ ಕಂಡಿದ್ದನ್ನೇ ಮಾಡಿದಳು. ಆ ತೊಲೆ ಅವಳ ಗಂಡ ನಲ್ಲೂರಿನ ಕಡೆಯಿಂದ ಗಾಡಿಯ ಮೇಲೆ ಹೇರಿಸಿಕೊಂಡು ಬಂದದ್ದು. ಅದಕ್ಕೆ ಗರಗಸ ಹಾಕಿಸೋದೆಂದರೆ ಅವಳ ಕೈಲಾಗದ ಮಾತು. ತೊಲೆ ಉಳಿಸಿಕೊಂಡ ಮೇಲೆ ಗೋಡೆಯೂ ಆಳೆತ್ತರಕ್ಕೆ ನಿಂತಿತು. ಮೇಲೆ ಈ ತುದಿಯಿಂದ ಆ ತುದಿಗೆ ಅದೇ ತೊಲೆ, ಅದೇ ಸೂರು. ಈಚೆ ಸಾಸಿವೆ ಸಿಡಿದರೆ ಆಚೆ ಸೀನು ಬರಬೇಕು, ಹಾಗಿತ್ತು ಮನೆ.

ಬಾಡಿಗೆಗೆ ಬಂದವನು ನರಸಿಂಹಯ್ಯ ಅಂತ, ಬಸ್ಸಿನ ಕಂಡಕ್ಟರು. ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು ಅದು. ಬೆಳಗ್ಗೆ ಬೆಂಗಳೂರಿಗೆ ಹೋಗಿ ಸಂಜೆ ವಾಪಸ್ಸು ಬರುವಷ್ಟರಲ್ಲಿ ಅವನ ಮುಖ ಬಾಣಲೆಯ ತಳದಂತೆ ಆಗಿರುತ್ತಿತ್ತು. ಇನ್ನೂ ಮದುವೆಯಾಗಿರಲಿಲ್ಲ. ಜೊತೆಗೆ ತಾಯಿ ಅಕ್ಕಯಮ್ಮ. ನಲ್ಲೂರಿನ ಒಕ್ಕಲು ಮನೆತನವೇ, ಆದರೆ ಮನೆಯೂ ಹೊಲವೂ ದಾಯಾದಿಗಳ ಪಾಲಾಗಿ, ಇವರ ಪಾಲಿಗೆ ಬಂದದ್ದು ಒರಳೊಂದೇ. ಅದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಿದ್ದಳು ಮುದುಕಿ. ಮುದುಕರಿಗೆ ಕೊಡಬೇಡ ಅಂದಿದ್ದ ಭಾವ. ಆದರೆ ಒರಳು ತಂದೋರಿಗೆ ಕೊಡು ಅಂತಲೂ ಅವನೇ ಅಂದಿದ್ದನಲ್ಲ! ಪಿಳ್ಳಮ್ಮ ಒರಳನ್ನೇ ಹಿಡಿದುಕೊಂಡಳು.

ಮಜ್ಜಿಗೆಯ ವಿಷಯವನ್ನು ಕೇಳಲೇಬೇಡಿ. ಮೊದಲನೆಯ ವಾರಕ್ಕೇ ಚೊಂಬು ಗೋಡೆಯ ಮೇಲಿಂದ ಆಚೆಗೆ ಹೋಗಿ, ಚಟ್ನಿಪುಡಿ ತುಂಬಿಕೊಂಡು ಈಚೆಗೆ ಬಂತು. ಹಗಲೆಲ್ಲ ಇಬ್ಬರೂ ತಮ್ಮ ತಮ್ಮ ಒಲೆ ಮುಂದೆ ಕೂತು, ಗೋಡೆಗೆ ಮುಖ ಮಾಡಿ ಮಾತಾಡೋರು. ಹೊರಗಿನಿಂದ ಬಂದವರು ನೋಡಿದರೆ ಈ ಹೆಂಗಸಿಗೆ ತಲೆ ಕೆಟ್ಟಿದೆ, ಗೋಡೆ ಜೊತೆ ಜಗಳ ಆಡ್ತಾಳೆ ಅಂದ್ಕೋಬೇಕು. ಜಗಳವೂ ಆಗುತ್ತಿತ್ತು. ಹುಳಿಗೆ ಬೆಲ್ಲ ಹಾಕಬೇಕೋ ಬೇಡವೋ ಅಂತ ಒಂದು ಸಲ ಮಾತು ಬಿಟ್ಟಿದ್ದರು, ಮಧ್ಯಾಹ್ನದವರೆಗೆ.

ಪುಷ್ಯ ಮಾಸದಲ್ಲಿ ವರಲಕ್ಷ್ಮಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ನೋವು ಕಾಣಿಸಿಕೊಂಡ ದಿನ ಸೂಲಗಿತ್ತಿಗೆ ಹೇಳಿಕಳಿಸುವ ಮೊದಲೇ ಅಕ್ಕಯಮ್ಮ ಸೆರಗು ಬಿಗಿದುಕೊಂಡು ಈಚೆಗೆ ಬಂದಿದ್ದಳು. ಹುಡುಗಿಯ ಬೆನ್ನಿಗೆ ತನ್ನ ಎದೆ ಕೊಟ್ಟು, ಹಿಂದಿನಿಂದ ಅಪ್ಪಿ ಹಿಡಿದು, ಬೆಳಗಿನಿಂದ ಸಂಜೆಯವರೆಗೆ ಕೂತಳು. "ಕೂಗು ಕಣೇ, ಯಾರಿಗೇನು ನಾಚ್ಕೆ? ನನ್ನ ಕೈ ಕಚ್ಚು ಬೇಕಾದ್ರೆ," ಅಂತ ಹುಡುಗಿಯ ಕಿವಿಯಲ್ಲಿ ಹೇಳುತ್ತಲೇ ಇದ್ದಳು. ಹುಡುಗಿ ನಿಜವಾಗಿಯೂ ಕಚ್ಚಿದಳು. ದೀಪ ಹಚ್ಚುವ ಹೊತ್ತಿಗೆ ಗಂಡುಕೂಸು ಹುಟ್ಟಿತು.

ನಾಮಕರಣ ಮುಗಿದ ಮೇಲೆ ಅಕ್ಕಯಮ್ಮನಿಗೆ ಜ್ವರ ಬಂತು. ಮಾಘದ ಚಳಿ ಬೇರೆ. ಶೀತ ಎದೆಗಿಳಿದು, ಉಸಿರು ಎಳೆದಾಗಲೆಲ್ಲ ಕೊರ ಕೊರ ಸದ್ದು. ಡಾಕ್ಟರು ಬಂದು ನೋಡಿ ಔಷಧಿ ಕೊಟ್ಟರು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ನರಸಿಂಹಯ್ಯನ ಹೆಗಲ ಮೇಲೆ ಕೈಯಿಟ್ಟು, "ವಯಸ್ಸಾಗಿದೆಯಪ್ಪ. ಹತ್ತಿರದೋರು ಯಾರಾದ್ರೂ ಇದ್ರೆ ಬಂದು ನೋಡ್ಕೊಂಡು ಹೋಗ್ಲಿ," ಅಂದರು. ಬರೋರು ಯಾರೂ ಇರಲಿಲ್ಲ. ಕಂಪನಿಯವರು ರಜ ಕೊಡಲಿಲ್ಲವೆಂದು ನರಸಿಂಹಯ್ಯ ಬಸ್ಸು ಹತ್ತಿ ಹೋಗುತ್ತಿದ್ದ. ಹಗಲು ಹೊತ್ತು ಮುದುಕಿಯನ್ನು ನೋಡಿಕೊಳ್ಳೋದು ಪಿಳ್ಳಮ್ಮನ ಪಾಲಿಗೆ ಬಂತು. ಈಚೆ ಬಾಣಂತಿಗೆ ಖಾರ ಅರೆದು, ಆಚೆ ಹೋಗಿ ಮುದುಕಿಗೆ ಗಂಜಿ ಕುಡಿಸಿ, ಮತ್ತೆ ಈಚೆ ಬಂದು ಮಗುವಿಗೆ ನೀರು ಹಾಕಿ ಅವಳ ಸೊಂಟ ಬಿದ್ದುಹೋಗಿತ್ತು. ಆದರೂ ಬೇಸರವೇನೂ ಇರಲಿಲ್ಲ.

ಬೇಸರ ತಂದವನು ಅಪ್ಪಯ್ಯಣ್ಣ. ಒಂದು ದಿನ ಮಧ್ಯಾಹ್ನ ಬಂದವನು ಜಗಲಿಯ ಮೇಲೆ ಕೂರದೆ ನೇರ ಒಳಗೇ ಬಂದು, ಗೋಡೆಯ ಪಕ್ಕ ಕುಕ್ಕರಿಸಿದ. ಎಲೆಅಡಿಕೆಯನ್ನೂ ತೆಗೆಯಲಿಲ್ಲ. ವಿಷಯ ದೊಡ್ಡದೇ ಇರಬೇಕು ಅಂತ ಪಿಳ್ಳಮ್ಮನಿಗೆ ಆಗಲೇ ಗೊತ್ತಾಯಿತು.

"ಮುದುಕಿ ಹೆಂಗಿದೆ?"

"ಹಂಗೇ ಇದೆ ಭಾವ. ನಿನ್ನೆಗಿಂತ ಒಂದು ಕೈ ಕಮ್ಮೀನೆ."

"ಜೋಯಿಸರ ಮನೆಗೆ ಹೋಗಿದ್ದೆ. ನಾಳೆ ಬೆಳಗ್ಗೆ ಪಂಚಕ ಹಿಡಿಯುತ್ತೆ. ಧನಿಷ್ಠೆಯಿಂದ ರೇವತಿ ಕಳೆಯೋವರೆಗೂ, ಐದು ನಕ್ಷತ್ರ. ಅಷ್ಟರೊಳಗೆ ಮುದುಕಿ ಏನಾದ್ರೂ..." ಅಂತ ಅಪ್ಪಯ್ಯಣ್ಣ ದನಿ ತಗ್ಗಿಸಿದ. "ಗೊತ್ತಲ್ಲ ನಿಂಗೆ. ಮನೆ ಬಿಡಬೇಕು."

ಪಿಳ್ಳಮ್ಮನಿಗೆ ಗೊತ್ತಿಲ್ಲದೆ ಏನು? ಆ ಐದು ನಕ್ಷತ್ರಗಳಲ್ಲಿ ಯಾರಾದರೂ ಮನೆಯೊಳಗೆ ಕಣ್ಣು ಮುಚ್ಚಿದರೆ ಆ ಮನೆಯವರೆಲ್ಲ ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದು, ಬಾಗಿಲೆಳೆದು, ಅಡ್ಡ ಜಾಲಿ ಮುಳ್ಳು ಬಡಿದು, ತಿಂಗಳುಗಟ್ಟಲೆ ಆ ಕಡೆ ತಲೆ ಹಾಕುವ ಹಾಗಿಲ್ಲ. ಶಾಂತಿ ಮಾಡಿಸಿದ ಮೇಲೇ ಮತ್ತೆ ಬಾಗಿಲು ತೆಗೆಯೋದು. ಊರಲ್ಲಿ ಹಾಗೆ ಮುಳ್ಳು ಬಿದ್ದ ಮನೆಗಳನ್ನು ಅವಳೇ ಕಂಡಿದ್ದಳು.

"ಆಚೆ ಭಾಗಕ್ಕೆ ತಾನೆ ಭಾವ? ನಮ್ಮದು ಬೇರೆ ಅಲ್ವಾ?"

"ಯಾವ ಸೀಮೆ ಬೇರೆ? ಅದನ್ನೂ ಕೇಳ್ದೆ ಜೋಯಿಸರನ್ನ. ತೊಲೆ ಒಂದೇ, ಸೂರು ಒಂದೇ, ಹಂಗಿದ್ಮೇಲೆ ಮನೇನೂ ಒಂದೇ ಅಂದ್ರು. ಬಡ್ಕೊಂಡೆ ಅವತ್ತೇ, ಗೋಡೆ ಎತ್ತಿಸು, ತೊಲೆ ಎರಡು ಮಾಡ್ಸು ಅಂತ. ಮುದುಕರಿಗೆ ಕೊಡ್ಬೇಡ ಅಂತ ಯಾಕಂದೆ? ಇದಕ್ಕೇ ಕಣಮ್ಮ! ನನ್ನ ವಠಾರದಲ್ಲಿ ಹಿಂಗೇ ಆಗಿ ಒಂದು ಸಲ ಅನುಭವಿಸಿದೀನಿ. ಹೋಗ್ಲಿ. ಮನೇಲಿ ಹಸಿ ಬಾಣಂತಿ ಇದ್ದಾಳೆ, ಕೂಸಿದೆ. ಅದನ್ನ ಎತ್ಕೊಂಡು ಈ ಚಳೀಲಿ ಎಲ್ಲಿಗೆ ಹೋಗ್ತೀಯ?"

ಪಿಳ್ಳಮ್ಮ ಬಾಗಿಲ ಕಡೆ ನೋಡಿದಳು. ಒಳಕೋಣೆಯಲ್ಲಿ ವರಲಕ್ಷ್ಮಮ್ಮ ಮಗುವಿಗೆ ಹಾಲು ಕೊಡುತ್ತಾ ಮಲಗಿದ್ದಳು.

"ಹಿತ್ತಲಲ್ಲಿ ಗಾಡಿ ಕೊಟ್ಟಿಗೆ ಖಾಲಿ ಬಿದ್ದಿದೆ. ಅದರ ಸೂರು ಬೇರೆ," ಅಂದ ಅಪ್ಪಯ್ಯಣ್ಣ. "ಇವತ್ತು ಸಂಜೆ ನರಸಿಂಹಯ್ಯ ಬಂದ ತಕ್ಷಣ ಹೇಳು. ಹುಲ್ಲು ಹಾಸಿ, ಸುತ್ತ ಗೋಣಿತಾಟು ಕಟ್ಟಿ, ಮುದುಕೀನ ಅಲ್ಲಿ ಮಲಗಿಸ್ಲಿ. ನಾನೇನು ಕಟುಕ ಅಲ್ಲ. ಲೋಕದಲ್ಲಿ ಎಲ್ರೂ ಮಾಡೋದೇ ಇದು. ಬಾಡಿಗೆಗೆ ಕೊಟ್ಟಿರೋದು ಇರೋಕೆ ಕಣಮ್ಮ, ಸಾಯೋಕಲ್ಲ."

ಪಿಳ್ಳಮ್ಮ ಎದ್ದು ಒಳಕೋಣೆಯ ಬಾಗಿಲು ಮುಂದಕ್ಕೆಳೆದಳು. ಆಮೇಲೆ ಅಂದಳು, "ಸರಿ ಭಾವ. ನರಸಿಂಹಯ್ಯ ಬರ್ಲಿ, ಹೇಳ್ತೀನಿ."

ಅಂದದ್ದು ಹೌದು. ತನ್ನ ಬಾಯಾರೆ ಅಂದಳು. ಆದರೆ ಸಂಜೆ ನರಸಿಂಹಯ್ಯ ಮಸಿ ಮುಖ ಹೊತ್ತು ಓಡೋಡಿ ಬಂದು, ಚೀಲವನ್ನೂ ಕೆಳಗಿಡದೆ, "ಅಕ್ಕಾ, ನಮ್ಮಮ್ಮ ಏನಾದ್ರೂ ತಗೊಂಡ್ಳಾ?" ಅಂತ ಕೇಳಿದಾಗ ನಾಲಿಗೆ ಏಳಲಿಲ್ಲ. "ಎರಡು ಗುಟುಕು ಗಂಜಿ ಕುಡಿದ್ರು ಕಣಪ್ಪಾ," ಅಂದು ಒಳಗೆ ಬಂದುಬಿಟ್ಟಳು. ನಾಳೆ ಬೆಳಗ್ಗೆ ಎದ್ದ ಕೂಡಲೇ ಹೇಳಿದರಾಯಿತು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಬೆಳಗ್ಗೆ ಎದ್ದು ಬಾವಿಗೆ ಹೋದವಳಿಗೆ ಗಾಡಿ ಕೊಟ್ಟಿಗೆಯಲ್ಲಿ ಯಾರೋ ಕೂತಿದ್ದು ಕಂಡಿತು. ಹತ್ತಿರ ಹೋದಳು. ಹುಲ್ಲಿನ ಮೇಲೆ ಚಾಪೆ, ಚಾಪೆಯ ಮೇಲೆ ಅಕ್ಕಯಮ್ಮ. ಮೇಲೆ ಮನೆಯಲ್ಲಿದ್ದ ಕಂಬಳಿ ಜಮಖಾನವೆಲ್ಲ ಹೊದಿಸಿತ್ತು. ಪಕ್ಕದಲ್ಲಿ ನರಸಿಂಹಯ್ಯ ಮೊಣಕಾಲಿಗೆ ಗದ್ದ ಊರಿಕೊಂಡು ಕೂತಿದ್ದ.

"ಇದೇನಪ್ಪಾ ನರಸಿಂಹಯ್ಯ! ಇಲ್ಲಿಗ್ಯಾಕೆ ತಂದೆ?"

"ನಾನೇನ್ ಮಾಡ್ಲಿ ಅಕ್ಕ? ಕೋಳಿ ಕೂಗಿದಾಗಿಂದ ಒಂದೇ ಹಟ. ಒಳಗೆ ಸೆಕೆ, ಹೊರಗೆ ಮಲಗಿಸು ಅಂತ. ಈ ಚಳೀಲಿ ಎಂಥ ಸೆಕೆ ಅಂದ್ರೆ ಕೇಳಲ್ಲ. ನೀನು ಎತ್ಕೊಂಡು ಹೋಗ್ದೆ ಇದ್ರೆ ತೆವಳ್ಕೊಂಡು ಹೋಗ್ತೀನಿ ಅಂದ್ಳು."

ಪಿಳ್ಳಮ್ಮ ಹಿಂದಕ್ಕೆ ತಿರುಗಿ ಮನೆಯ ಕಡೆ ನೋಡಿದಳು. ಆಳೆತ್ತರದ ಗೋಡೆ! ಆಚೆಯವರ ಕೆಮ್ಮು ಕೇಳಲಿ ಅಂತ ತಾನೇ ಎತ್ತಿಸದೆ ಬಿಟ್ಟಿದ್ದ ಗೋಡೆ. ನಿನ್ನೆ ಭಾವ ಆಡಿದ ಒಂದೊಂದು ಮಾತೂ, ಕೊನೆಗೆ ತಾನು ಅಂದ 'ಸರಿ'ಯೂ ಮುದುಕಿಯ ಕಿವಿಗೆ ಬಿದ್ದಿತ್ತು. ನಾಚಿಕೆಯಿಂದ ಪಿಳ್ಳಮ್ಮನಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ನರಸಿಂಹಯ್ಯನನ್ನು ಬಿಸಿನೀರು ತರಲು ಕಳಿಸಿ, ಮುದುಕಿಯ ಕೈ ಹಿಡಿದುಕೊಂಡಳು. "ಅಮ್ಮಾ, ತಪ್ಪಾಯ್ತು. ಒಳಗೆ ಬನ್ನಿ."

"ತಪ್ಪೇನ್ ಬಂತೇ?" ಅಕ್ಕಯಮ್ಮ ಒಂದೊಂದೇ ಮಾತನ್ನು ಉಸಿರಿನ ನಡುವೆ ಬಿಡಿಸಿ ಬಿಡಿಸಿ ಆಡಿದಳು. "ನಿಮ್ಮ ಭಾವ ಹೇಳಿದ್ದು ಸರಿಯಾಗೇ ಇದೆ. ನನ್ನ ಮಗಂಗೆ ಮಾತ್ರ ಹೇಳ್ಬೇಡ. ಸೆಕೆ ಅಂತ್ಲೇ ಅಂದ್ಕೊಂಡಿರ್ಲಿ."

"ಮೊದ್ಲು ಒಳಗೆ ಬನ್ನಿ ನೀವು."

"ಹಸುಗೂಸಿರೋ ಮನೆಗೆ ಈಗ ನಾನು ಬರಲ್ಲ. ಆಣೆ ಇಟ್ರೂ ಬರಲ್ಲ. ಆ ಮಗು ಹುಟ್ಟೋವಾಗ ಅದರ ತಾಯೀನ ಹಿಡ್ಕೊಂಡು ಕೂತಿದ್ದೋಳು ನಾನು. ಅದು ನನ್ನಿಂದ ಮನೆ ಬಿಡ್ಬೇಕಾ?"

ಪಿಳ್ಳಮ್ಮ ಅತ್ತಳು, ಬೈದಳು, ಕಾಲು ಹಿಡಿದಳು. ಮುದುಕಿ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಪಿಳ್ಳಮ್ಮ ಕಣ್ಣೊರೆಸಿಕೊಂಡು ಎದ್ದಳು. ಅರಿಶಿನಕುಂಟೆಯ ಕಡೆ ಹೊರಟಿದ್ದ ಹಾಲಿನವನ ಕೈಲಿ ಅಲ್ಲಿದ್ದ ತನ್ನ ತಮ್ಮ ಗೋಪಾಲಪ್ಪನಿಗೆ ಹೇಳಿ ಕಳಿಸಿದಳು: ಕಮಾನು ಗಾಡಿ ಕಟ್ಟಿಕೊಂಡು ಈಗಿಂದೀಗಲೇ ಬಾ.

ವರಲಕ್ಷ್ಮಮ್ಮನಿಗೆ ವಿಷಯ ಕೇಳಿ ತಡೆಯಲಾರದ ಸಿಟ್ಟು ಬಂತು. ಬರದೆ ಇರುತ್ತದೆಯೇ? ತಲೆಗೆ ಬಟ್ಟೆ ಕಟ್ಟಿಕೊಂಡು ಬೆಚ್ಚಗೆ ಮಲಗಿದ್ದವಳನ್ನು ಎಬ್ಬಿಸಿ ಗಾಡಿ ಹತ್ತು ಅಂದರೆ!

"ಹೆತ್ತ ಮಗಳಿಗೆ ಗಾಡಿ, ಬಾಡಿಗೆಯೋರಿಗೆ ಒಳಗೆ ಹಾಸಿಗೆ! ಚೆನ್ನಾಗಿದೆ ಕಣಮ್ಮ ನಿನ್ನ ನ್ಯಾಯ!"

"ನಿನ್ನ ಸೋದರಮಾವನ ಮನೆ ಎಷ್ಟು ದೂರ ಇದೆಯೇ? ಬೆಚ್ಚಗೆ ಸುತ್ತಿ ಕಳಿಸ್ತೀನಿ. ರೇವತಿ ಕಳೀತಲೂ ಕರ್ಕೊಂಡು ಬರ್ತೀನಿ."

"ಅಷ್ಟರಲ್ಲಿ ಅಜ್ಜಿ ಹೋಗ್ಬಿಟ್ರೆ? ಬಾಗಿಲಿಗೆ ಮುಳ್ಳು ಬಿದ್ರೆ? ನಮ್ಮತ್ತೆ ಗೊತ್ತಲ್ಲ ನಿಂಗೆ. ತವರಿಗೆ ಮುಳ್ಳು ಬಿತ್ತು ಅಂತ ಕಿವಿಗೆ ಬಿದ್ರೆ ಸಾಕು, ಅಲ್ಲಿಂದಲೇ ನನ್ನ ಹೊಸಕೋಟೆಗೆ ಎತ್ಕೊಂಡು ಹೋಗ್ತಾರೆ. ವರ್ಷ ತುಂಬೋವರ್ಗೂ ಈ ಕಡೆ ಕಳ್ಸಲ್ಲ. ಮೊಮ್ಮಗನ ಮುಖ ನೋಡೋಕೂ ಸಿಗಲ್ಲ ನಿಂಗೆ, ತಿಳ್ಕೊ."

ಆ ಬೀಗಿತ್ತಿ ಅಂಥವಳೇ. ಮಗಳು ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ.

"ನಿನ್ನ ಬೆನ್ನು ಹಿಡ್ಕೊಂಡು ಕೂತಿದ್ರಲ್ಲೇ ಅವರು," ಅಂದಳು ಪಿಳ್ಳಮ್ಮ, ಅಷ್ಟೆ.

ವರಲಕ್ಷ್ಮಮ್ಮ ಸ್ವಲ್ಪ ಹೊತ್ತಿಗೆ ಎದ್ದು ಮಗುವಿನ ಬಟ್ಟೆಗಳನ್ನು ಮಡಿಸತೊಡಗಿದಳು. ಗೋಪಾಲಪ್ಪನ ಗಾಡಿ ಬಂದಾಗ ಕಿವಿಗೆ ಹತ್ತಿ ಇಟ್ಟುಕೊಂಡು, ಕೂಸನ್ನು ಎದೆಗವಚಿಕೊಂಡು ಹತ್ತಿದಳು. ತಾಯಿಗೆ ಹೋಗಿ ಬರ್ತೀನಿ ಅಂತಲೂ ಅನ್ನಲಿಲ್ಲ. ಗಾಡಿ ರಸ್ತೆ ತಿರುಗುವವರೆಗೆ ಪಿಳ್ಳಮ್ಮ ನಿಂತು ನೋಡಿದಳು.

ಆಮೇಲೆ ನರಸಿಂಹಯ್ಯನ ಕೈಲಿ ಮುದುಕಿಯನ್ನು ಎತ್ತಿಸಿಕೊಂಡು ಬಂದಳು. ಬಾಡಿಗೆ ಭಾಗಕ್ಕಲ್ಲ, ತನ್ನ ನಡುಮನೆಗೇ. ಒಲೆಯ ಶಾಖ ತಗಲುವ ಕಡೆ ಬಾಣಂತಿಗೆ ಹಾಕಿದ್ದ ಮಂಚದ ಮೇಲೇ ಮಲಗಿಸಿದಳು.

"ಮಗು ಹೋಯ್ತಮ್ಮ ಗೋಪಾಲಪ್ಪನ ಮನೆಗೆ. ಇನ್ನು ನೀವು ಕೊಟ್ಟಿಗೇಲಿದ್ದು ಯಾರನ್ನು ಕಾಯ್ಬೇಕು?" ಅಂದಳು.

ಅಕ್ಕಯಮ್ಮ ಮಲಗಿದಲ್ಲಿಂದಲೇ ತೊಲೆಯನ್ನು ನೋಡಿದಳು. ಆಮೇಲೆ, "ಮುಳ್ಳು ಬಿದ್ರೆ ಅದು ವಾಪಸ್ ಬರಲ್ಲ ಅಲ್ವೇನೇ? ನಿನ್ನ ಮಗಳು ರೇಗಾಡಿದ್ದು ಹಿತ್ತಲಿಗೆ ಎಲ್ಲಾ ಕೇಳಿಸ್ತು," ಅಂದಳು. "ಹಂಗಾದ್ರೆ ಈ ಐದು ದಿನ ನಾನು ಹೋಗಲ್ಲ, ನೋಡ್ತಿರು. ದಿನಾ ಬೆಳಗ್ಗೆ ಯಾವ ನಕ್ಷತ್ರ ಅಂತ ಹೇಳು, ಸಾಕು."

ಹೋಗೋದು ಬಿಡೋದು ಅವಳ ಕೈಯಲ್ಲಿದೆಯೇನೋ ಅನ್ನುವ ಹಾಗೆ! ಪಿಳ್ಳಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. ಆದರೆ ಮುದುಕಿ ತಮಾಷೆಗೆ ಅಂದಿರಲಿಲ್ಲ.

ಧನಿಷ್ಠೆ ಕಳೆಯಿತು. ಶತಭಿಷೆ ಬಂತು. ಅಪ್ಪಯ್ಯಣ್ಣ ಮೊದಲ ದಿನ ಬಂದು ಬಾಯಿಗೆ ಬಂದಂತೆ ಬೈದು ಹೋದವನು, ಆಮೇಲೆ ದಿನಾ ಬರತೊಡಗಿದ. ಜಗಲಿಯ ಮೇಲೆ ಕೂತು, ಜೋಯಿಸರ ಮನೆಯಿಂದ ತಂದ ಸುದ್ದಿಯನ್ನು ಒಳಗೆ ಕೇಳುವ ಹಾಗೆ ಕೂಗಿ ಹೇಳುತ್ತಿದ್ದ. "ಶತಭಿಷೆ ಸಂಜೆಗೆ ಮುಗಿಯುತ್ತಂತೆ! ಗಟ್ಟಿ ಜೀವ ಕಣಮ್ಮ, ದಾಟ್ಕೋತದೆ!" ಬೈದವನೂ ಅವನೇ, ಈಗ ದೇವರಿಗೆ ಹರಕೆ ಹೊತ್ತವನೂ ಅವನೇ. ಅದು ಮುದುಕಿಯ ಮೇಲಿನ ಪ್ರೀತಿಗೋ ಮನೆಯ ಮೇಲಿನ ಕಾಳಜಿಗೋ, ಅವನಿಗೂ ಗೊತ್ತಿರಲಿಕ್ಕಿಲ್ಲ.

ಪಿಳ್ಳಮ್ಮನಿಗೆ ಮಾತ್ರ ತನ್ನ ಮನಸ್ಸು ಚೆನ್ನಾಗಿ ಗೊತ್ತಿತ್ತು. ಬೆಳಗ್ಗೆ ಎದ್ದವಳೇ ಮೊದಲು ಮುದುಕಿಯ ಪಾದ ಮುಟ್ಟಿ ನೋಡೋಳು. ಬೆಚ್ಚಗಿದ್ದರೆ ಸದ್ಯ ಅನ್ನೋಳು. ಆ ಸದ್ಯ ಅನ್ನೋದು ಮುದುಕಿ ಬದುಕಿದ್ದಾಳೆ ಅಂತ ಅಲ್ಲ, ಬಾಗಿಲು ಉಳಿಯಿತು, ಮೊಮ್ಮಗ ಬರ್ತಾನೆ ಅಂತ. ಹಾಗೆ ಅನ್ನಿಸಿದಾಗಲೆಲ್ಲ ತನ್ನ ಮೇಲೆ ತನಗೇ ಅಸಹ್ಯವಾಗುತ್ತಿತ್ತು.

ಪೂರ್ವಾಭಾದ್ರೆಯ ದಿನ ಉಸಿರು ತೀರಾ ಕೆಟ್ಟಿತು. ಕಂಪನಿ ಏನಾದರೂ ಮಾಡಿಕೊಳ್ಳಲಿ ಎಂದು ನರಸಿಂಹಯ್ಯ ಬಸ್ಸಿಗೆ ಹೋಗಲಿಲ್ಲ. ಮುದುಕಿ ಮಂಚದ ಪಟ್ಟಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಬೆಟ್ಟ ಹತ್ತುವವರ ಹಾಗೆ ಏದುಸಿರು ಬಿಡುತ್ತಿದ್ದಳು. ಕಣ್ಣು ತಾನಾಗಿ ಮುಚ್ಚಿಕೊಂಡು ಬರೋದು. ಮರುಗಳಿಗೆಯೇ ಬೆಚ್ಚಿ ತೆರೆಯೋಳು.

"ಪಿಳ್ಳಮ್ಮ, ನಿದ್ದೆ ಹತ್ತಿದ್ರೆ ಹೊರಟು ಹೋಗ್ಬಿಡ್ತೀನಿ ಕಣೇ. ನನ್ನ ಎಬ್ಬಿಸ್ತಾ ಇರು."

ಪಿಳ್ಳಮ್ಮ ಎಬ್ಬಿಸಿದಳು. ಮುಖಕ್ಕೆ ತಣ್ಣೀರು ಒರೆಸಿ ಎಬ್ಬಿಸಿದಳು. ಅಂಗಾಲು ತಿಕ್ಕಿ ಎಬ್ಬಿಸಿದಳು. "ಅಮ್ಮಾ, ಕಣ್ಣು ಬಿಡಿ," ಅಂತ ಗಲ್ಲ ತಟ್ಟಿ ಎಬ್ಬಿಸಿದಳು. ಪ್ರತಿ ಸಲವೂ ಮುದುಕಿ ಎಲ್ಲಿಂದಲೋ ತನ್ನನ್ನು ತಾನೇ ಎಳೆದುಕೊಂಡು ಬಂದು ಕಣ್ಣು ತೆರೆದು, "ಇನ್ನೂ ಎಷ್ಟಿದೆಯೇ?" ಅಂತ ಕೇಳೋಳು.

ಮರುದಿನ ಉತ್ತರಾಭಾದ್ರೆ. ಅದಾದ ಮೇಲೆ ರೇವತಿ, ರೇವತಿ ಕಳೆದು ಅಶ್ವಿನಿ ಬಂದರೆ ಗೆದ್ದಂತೆ. ಮಧ್ಯಾಹ್ನದ ಹೊತ್ತು. ಹೆಂಚಿನ ಸಂದಿಯಿಂದ ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಮುದುಕಿಯ ತುಟಿ ನೀಲಿಗಟ್ಟಿತ್ತು. ಕಣ್ಣು ಮುಚ್ಚಿತು. ಪಿಳ್ಳಮ್ಮ ಗಲ್ಲ ತಟ್ಟಿದಳು. ತೆರೆಯಲಿಲ್ಲ. ಇನ್ನೂ ಜೋರಾಗಿ ತಟ್ಟಿದಳು. ಗಂಟಲಲ್ಲಿ ಗೊರ ಗೊರ ಅಂತ ಏನೋ ಎಳೆದ ಸದ್ದಾಗಿ, ಮೈಯೆಲ್ಲ ಒಂದು ಸಲ ನಡುಗಿ, ಮುದುಕಿ ಮತ್ತೆ ಕಣ್ಣು ಬಿಟ್ಟಳು. ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಹರಿಯಿತು.

ನರಸಿಂಹಯ್ಯ ಕಂಬಕ್ಕೆ ಒರಗಿ ನಿಂತಿದ್ದ. ಎಬ್ಬಿಸಬೇಡಿ ಅಕ್ಕ, ಬಿಟ್ಟುಬಿಡಿ ಅನ್ನೋದು ಅವನ ಮುಖದಲ್ಲೆಲ್ಲ ಬರೆದಿತ್ತು. ಆದರೆ ಹೇಗೆ ಹೇಳುತ್ತಾನೆ? ಮನೆ ಅವಳದು, ಅವನು ಬಾಡಿಗೆಯವನು. ತಾಯಿ ನೆಮ್ಮದಿಯಾಗಿ ಸಾಯಲಿ ಅಂತ ಕೇಳುವ ಹಕ್ಕೂ ಅವನಿಗಿರಲಿಲ್ಲ. ನೋಡಲಾರದೆ ಹಿತ್ತಲಿಗೆ ಹೋದ.

ಪಿಳ್ಳಮ್ಮ ತನ್ನ ಕೈಯನ್ನು ನೋಡಿಕೊಂಡಳು. ಸಾಯುವವಳ ಗಲ್ಲಕ್ಕೆ ಹೊಡೆಯುತ್ತಿದ್ದ ಕೈ. ಇನ್ನೂ ಒಂದು ದಿನಕ್ಕೂ ಮೇಲೆ ಹೀಗೇ ಹೊಡೆಯುತ್ತಾ ಕೂರಬೇಕು. ಆಮೇಲೆ ಬಾಗಿಲು ತೆರೆದಿರುತ್ತದೆ, ಮೊಮ್ಮಗ ಬರುತ್ತಾನೆ, ಇದೇ ಮಂಚದ ಮೇಲೆ ಅವನನ್ನು ಮಲಗಿಸಿಕೊಳ್ಳಬೇಕು. ಹೊಸಕೋಟೆಯ ಬೀಗಿತ್ತಿಯ ಮುಖ ಕಣ್ಣ ಮುಂದೆ ಬಂತು. ಗಾಡಿ ಹತ್ತಿದ ಮಗಳ ಬೆನ್ನು ಬಂತು. ಪುಟ್ಟ ಮುಷ್ಟಿ ಬಿಗಿದು ನಿದ್ದೆ ಮಾಡುವ ಕೂಸಿನ ಮುಖವೂ ಬಂತು. ಅದನ್ನು ಎತ್ತಿಕೊಳ್ಳಬೇಕೆಂಬ ಆಸೆಗೆ ತೋಳು ನೋಯುತ್ತಿತ್ತು.

"ಯಾವ... ನಕ್ಷತ್ರನೇ... ಈಗ?" ಅಂತ ಕೇಳಿದಳು ಅಕ್ಕಯಮ್ಮ.

ಪಿಳ್ಳಮ್ಮ ಮಂಚದ ಮೇಲೇ ಹತ್ತಿ ಕೂತಳು. ಮುದುಕಿಯ ತಲೆಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು, ಕೆದರಿದ ಕೂದಲನ್ನು ಹಿಂದಕ್ಕೆ ಸವರಿದಳು.

"ಅಶ್ವಿನಿ ಅಮ್ಮ," ಅಂದಳು. "ರೇವತಿ ಕಳೀತು. ಜೋಯಿಸರ ಮನೆಯಿಂದ ಈಗ ತಾನೆ ಹೇಳಿ ಕಳ್ಸಿದ್ರು."

"ನಿಜವೇನೇ?"

"ನಿಜ ಕಣಮ್ಮ. ನಿಮಗೇನು, ಮಂಪರು, ದಿನ ಕಳೆದಿದ್ದೇ ಗೊತ್ತಾಗಿಲ್ಲ. ಎಲ್ಲಾ ಮುಗೀತು. ಮನೆ ಉಳೀತು."

"ಮಗೂನ... ಕರೆಸ್ತೀಯಾ?"

"ಗೋಪಾಲಪ್ಪ ಗಾಡಿ ಕಟ್ಟಿದಾನಂತೆ. ಸಂಜೆ ಒಳಗೆ ಬಂದ್ಬಿಡುತ್ತೆ. ನೀವು ನಿದ್ದೆ ಮಾಡಿ."

ಮುದುಕಿಯ ಕೈ ಮಂಚದ ಪಟ್ಟಿಯನ್ನು ಬಿಟ್ಟಿತು. ಎಷ್ಟು ಹೊತ್ತಿನಿಂದ ಹಿಡಿದಿದ್ದಳೋ, ಬೆರಳುಗಳು ಹಾಗೇ ಮಡಿಚಿಕೊಂಡಿದ್ದವು. ಪಿಳ್ಳಮ್ಮ ಒಂದೊಂದನ್ನೇ ಬಿಡಿಸಿ ನೇವರಿಸಿದಳು. ಮುಖದ ಬಿಗಿ ಸಡಿಲವಾಯಿತು. "ನರಸಿಂಹಯ್ಯಾ, ಬಾಪ್ಪ, 'ಅಮ್ಮಾ' ಅನ್ನು," ಅಂತ ಪಿಳ್ಳಮ್ಮ ಕೂಗಿದಳು. ಅವನು ಓಡಿ ಬಂದು ತಾಯಿಯ ಬಾಯಿಗೆ ಎರಡು ಹನಿ ನೀರು ಬಿಟ್ಟ. ಮುದುಕಿ ನೀರು ನುಂಗಿದಳು, ಮಗನ ಕಡೆ ನೋಡಿದಳು, ಕಣ್ಣು ಅರ್ಧ ಮುಚ್ಚಿದಳು. ಈ ಸಲ ಯಾರೂ ಎಬ್ಬಿಸಲಿಲ್ಲ. ಉಸಿರು ಬಿಟ್ಟು ಬಿಟ್ಟು ಬಂತು. ಹೆಂಚಿನ ಸಂದಿಯ ಬಿಸಿಲು ಮಂಚದಿಂದ ಗೋಡೆಗೆ ಸರಿಯುವ ಹೊತ್ತಿಗೆ ಅದೂ ನಿಂತಿತು.

ನರಸಿಂಹಯ್ಯ ತಾಯಿಯ ಪಾದದ ಮೇಲೆ ಹಣೆಯಿಟ್ಟು ಗೋಳೋ ಅಂತ ಅತ್ತ.

ಜಗಲಿಯ ಮೇಲೆ ಕೂತಿದ್ದ ಅಪ್ಪಯ್ಯಣ್ಣನಿಗೆ ಒಳಗಿನ ಮಾತೆಲ್ಲ ಕೇಳಿಸಿತ್ತು. ಅಳು ಎದ್ದದ್ದೇ ತಡ, ಹೆಗಲ ಮೇಲಿನ ವಲ್ಲಿ ಬಿದ್ದದ್ದನ್ನೂ ನೋಡದೆ ಹೊಸ್ತಿಲಿಗೆ ಬಂದು ನಿಂತ. "ಏನಮ್ಮಾ ಪಿಳ್ಳಮ್ಮ, ಎಂಥವಳಮ್ಮಾ ನೀನು! ಅಶ್ವಿನಿ ಎಲ್ಲಿ ಬಂತು? ಇವತ್ತಿನ್ನೂ ಉತ್ತರಾಭಾದ್ರೆ ಕಣಮ್ಮ!"

"ಗೊತ್ತು ಭಾವ," ಅಂದಳು ಪಿಳ್ಳಮ್ಮ, ಅಕ್ಕಯಮ್ಮನ ಅರ್ಧ ತೆರೆದಿದ್ದ ಕಣ್ಣನ್ನು ಅಂಗೈಯಿಂದ ಮುಚ್ಚುತ್ತಾ. "ನೀವು ಹೋಗಿ ಮುಳ್ಳು ಕಡಿಸ್ಕೊಂಡು ಬನ್ನಿ."